ಮುಚ್ಚಿಟ್ಟು ಮರೆತ ಮೆಟ್ಟಿಲು

ಆರಿಂಚಿನ ಉಕ್ಕಿನ ಸ್ಕೇಲೊಂದನ್ನು ತುರುಬಿಗೆ ಸಿಕ್ಕಿಸಿಕೊಂಡು ಇಪ್ಪತ್ತೇಳು ವರ್ಷ ಒಂದೇ ಕಚೇರಿಗೆ ಹೋಗಿಬಂದವಳನ್ನು ಜನ ಬೇರೆ ಏನೆಂದು ಕರೆದಾರು? ಕಚೇರಿಯವರಿಗೂ ಬೀದಿಯವರಿಗೂ ಅವಳು ಸ್ಕೇಲಕ್ಕ. ಅವಳಿಗಿಂತ ಹತ್ತು ವರ್ಷ ಹಿರಿಯರಾದ ಹಾಲಿನಂಗಡಿಯವರೂ ಹಾಗೆಯೇ ಕರೆಯುತ್ತಾರೆ. ಹೈಸ್ಕೂಲಿನಲ್ಲಿ ಮೂರು ವರ್ಷ ಅವಳಿಗೆ ಪಾಠ ಹೇಳಿದ ನಾನೂ ಹಾಜರಿ ಪುಸ್ತಕದ ಹೆಸರನ್ನು ಬಿಟ್ಟು ಇದಕ್ಕೇ ಒಗ್ಗಿಹೋಗಿದ್ದೇನೆ.

ಶಾಲೆಯಲ್ಲಿ ಅವಳದು ನಡುಬೆಂಚು. ಪದ್ಯ ಬಾಯಿಪಾಠ ಬರುತ್ತಿರಲಿಲ್ಲ. ಪ್ರಬಂಧ ಬರೆಯಲು ಹೇಳಿದರೆ ಮುಖ ಬಾಡುತ್ತಿತ್ತು. ಆದರೆ ನಾನು ಕಪ್ಪುಹಲಗೆಯ ಮೇಲೆ ಎಳೆದ ಗೆರೆ ಒಂದಿಷ್ಟು ಸೊಟ್ಟಗಾದರೆ ಸಾಕು, "ಸಾರ್, ಬಲಗಡೆ ಇಳಿದಿದೆ" ಎಂದು ಎದ್ದು ನಿಲ್ಲುವಳು. ಇಂಥ ಕಣ್ಣುಳ್ಳವಳು ಕಟ್ಟಡಗಳ ನಕ್ಷೆ ಬರೆಯುವ ಕೆಲಸಕ್ಕೆ ಸೇರಿದ್ದರಲ್ಲಿ ಆಶ್ಚರ್ಯವಿಲ್ಲ.

ಅವಳ ಕಚೇರಿ ಔಷಧಿ ಅಂಗಡಿಯೊಂದರ ಮೇಲಿನ ಎರಡನೆಯ ಮಹಡಿಯಲ್ಲಿದೆ. ಒಟ್ಟು ಎಂಟು ಮಂದಿ. ಅವಳು ಸೇರಿದಾಗ ಅಲ್ಲಿ ಓರೆಯಾದ ಮೇಜುಗಳೂ ಟ್ರೇಸಿಂಗ್ ಕಾಗದದ ಸುರುಳಿಗಳೂ ಮಸಿಯ ಲೇಖನಿಗಳೂ ಇದ್ದವು. ಮುಂದೆ ಕಂಪ್ಯೂಟರು ಬಂತು. ಅವಳ ಓರಗೆಯವರು ಒಬ್ಬೊಬ್ಬರಾಗಿ ಬಿಟ್ಟುಹೋದರು. ಇವಳು ಮಾತ್ರ ಸಂಜೆಯ ತರಗತಿಗೆ ಸೇರಿ, ಅರ್ಧ ವಯಸ್ಸಿನವರ ನಡುವೆ ಕುಳಿತು, ಮೂರು ತಿಂಗಳಲ್ಲಿ ಕಲಿತು ಬಂದಳು. "ಲೇಖನೀಲಿ ಎಳೆದ್ರೂ ಮೌಸಲ್ಲಿ ಎಳೆದ್ರೂ ಗೋಡೆ ಗೋಡೆನೇ ಅಲ್ವಾ ಮೇಷ್ಟ್ರೇ?" ಎಂದು ಆಗ ನನ್ನನ್ನು ಕೇಳಿದ್ದಳು. ಕಿಟಕಿಯ ಪಕ್ಕದ ಮೇಜು ಅಂದಿನಿಂದ ಇಂದಿನವರೆಗೂ ಅವಳದೇ.

ಎರಡು ವರ್ಷದ ಹಿಂದೆ ಆ ಮೇಜು ಅವಳ ಕೈತಪ್ಪುವುದರಲ್ಲಿತ್ತು. ಅದನ್ನೇ ನಾನು ಹೇಳಹೊರಟಿರುವುದು.

ಕಂಪ್ಯೂಟರಿನಲ್ಲಿ ಈಗ ಬರೆಯುವುದು ಬರಿಯ ಗೆರೆಗಳನ್ನಲ್ಲ. ಗೋಡೆ, ಬೀಮು, ನೀರಿನ ಪೈಪು, ವಿದ್ಯುತ್ ತಂತಿ, ಗಾಳಿ ಹಾಯುವ ತಗಡಿನ ಕೊಳವೆ ಎಲ್ಲವೂ ಸೇರಿ ಇಡೀ ಕಟ್ಟಡವೇ ಪರದೆಯೊಳಗೆ ನಿಂತಿರುತ್ತದೆ. ಹಾಗಿರುವಾಗ ಒಂದನ್ನು ನೋಡಬೇಕೆಂದರೆ ಇನ್ನೊಂದು ಅಡ್ಡ ಬರುತ್ತದೆ. ಅದಕ್ಕಾಗಿ ಆ ತಂತ್ರಾಂಶದಲ್ಲಿ 'ತಾತ್ಕಾಲಿಕ ನೋಟ' ಎಂಬ ಒಂದು ಅನುಕೂಲವಿದೆ. ಬೇಡವಾದದ್ದನ್ನು ಸ್ವಲ್ಪ ಹೊತ್ತು ಕಣ್ಣಿಗೆ ಕಾಣದಂತೆ ಮುಚ್ಚಬಹುದು. ಯಾವುದೂ ಅಳಿಸಿಹೋಗುವುದಿಲ್ಲ. ಕೆಲಸ ಮುಗಿದ ಮೇಲೆ ಒಂದು ಗುಂಡಿ ಒತ್ತಿದರೆ ಎಲ್ಲವೂ ಮೊದಲಿನಂತೆ ಕಾಣುತ್ತವೆ.

ಹೆಸರಿಗೆ ಮಾತ್ರ ತಾತ್ಕಾಲಿಕ. ಮುಚ್ಚಿದವರು ಎದ್ದು ಹೋದರೂ ಮುಚ್ಚಿದ್ದು ಮುಚ್ಚಿಯೇ ಇರುತ್ತಿತ್ತು. ಬೇರೆ ಕೋಣೆಯಲ್ಲಿ ಬೇರೊಬ್ಬರು ಅದೇ ನಕ್ಷೆಯನ್ನು ತೆರೆದರೆ ಅವರಿಗೂ ಮುಚ್ಚಿದಂತೆಯೇ ಕಾಣುತ್ತಿತ್ತು. ಏನನ್ನೋ ಮುಚ್ಚಲಾಗಿದೆ ಎಂದು ತಿಳಿಸಲು ಪರದೆಯ ಕೆಳಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ದೊಡ್ಡ ಕಣ್ಣಿನ ಗುರುತೊಂದು ಮೂಡುತ್ತಿತ್ತು, ಅಷ್ಟೆ.

ಆಗ ಕಚೇರಿಯವರು ಒಂದು ಗ್ರಂಥಾಲಯದ ನಕ್ಷೆ ಮಾಡುತ್ತಿದ್ದರು. ಸ್ಕೇಲಕ್ಕ ಓದುವ ಕೋಣೆಯ ಬೀಮುಗಳನ್ನು ಮುಚ್ಚಿ ನೀರಿನ ಪೈಪುಗಳನ್ನು ಪರೀಕ್ಷಿಸುತ್ತಿದ್ದಾಗ ಮನೆಯಿಂದ ಫೋನು ಬಂತು. ಅವಳ ಅತ್ತೆ ಸ್ನಾನದ ಮನೆಯ ಚಿಲಕ ಹಾಕಿಕೊಂಡು, ತೆಗೆಯಲು ಬಾರದೆ ಒಳಗೇ ಸಿಕ್ಕಿಕೊಂಡು, ಕಿಟಕಿಯಿಂದ ಪಕ್ಕದ ಮನೆಯವರನ್ನು ಬೈಯುತ್ತಿದ್ದರು. ಗಂಡ ಬಸ್ ಚಾಲಕ. ಆ ಹೊತ್ತಿನಲ್ಲಿ ಊರಾಚೆ ಬಸ್ಸಿನಲ್ಲಿದ್ದ. ಸ್ಕೇಲಕ್ಕ ಕಂಪ್ಯೂಟರನ್ನು ಹಾಗೆಯೇ ಬಿಟ್ಟು ಓಡಿದಳು. ಅತ್ತ ಅತ್ತೆಯನ್ನು ಹೊರಗೆ ತರುವಷ್ಟರಲ್ಲಿ, ಇತ್ತ ಕಚೇರಿಯ ಮುಖ್ಯಸ್ಥರು ತಮ್ಮ ಕೋಣೆಯಲ್ಲಿ ಅದೇ ನಕ್ಷೆಯನ್ನು ತೆರೆದರು. ಓದುವ ಕೋಣೆಯ ಮೇಲ್ಭಾಗ ಬಟಾಬಯಲಾಗಿ ಕಂಡಿತು. ಗಾಳಿಯ ಕೊಳವೆಯನ್ನು ನೇರವಾಗಿ ಎಳೆದು ತಮ್ಮ ಪಾಡಿಗೆ ಹೋದರು. ಸ್ಕೇಲಕ್ಕ ಮರಳಿ ಬಂದು ಗುಂಡಿ ಒತ್ತಿದಾಗ ಬೀಮುಗಳು ಬಂದವು. ಅವುಗಳನ್ನು ಸೀಳಿಕೊಂಡು ನುಗ್ಗಿದ್ದ ಕೊಳವೆ ಅವಳ ಕಣ್ಣಿಗೆ ಬೀಳಲಿಲ್ಲ, ಅವಳು ನೋಡುತ್ತಿದ್ದದ್ದು ಪೈಪುಗಳಿದ್ದ ಇನ್ನೊಂದು ತುದಿಯನ್ನು.

ಮೂರು ವಾರದ ಮೇಲೆ ಕಟ್ಟಡದ ಜಾಗದಿಂದ ಮೇಸ್ತ್ರಿಯ ಫೋನು ಬಂತು.

"ಸಾರ್, ಗಾಳಿ ಕೊಳವೆ ಬೀಮಿನ ಹೊಟ್ಟೆಯೊಳಗೆ ಹಾದು ಹೋಗ್ಬೇಕು ಅಂತ ಬರ್ದಿದೀರ. ನಾನೂ ನಾಲ್ಕು ಸಲ ತಟ್ಟಿ ನೋಡ್ದೆ. ಬೀಮಿಗೆ ಹೊಟ್ಟೆ ಇಲ್ಲ. ಏನ್ ಮಾಡ್ಲಿ ಹೇಳಿ?"

ತಗಡಿನ ಕೊಳವೆಯನ್ನು ಬಗ್ಗಿಸಿ ಹೊಸದಾಗಿ ಮಾಡಿಸಬೇಕಾಯಿತು. ಹತ್ತು ದಿನ ಕೆಲಸ ನಿಂತಿತು. ಕೊಳವೆಯನ್ನು ಎಳೆದವರು ಯಾರೆಂದು ಕಚೇರಿಯಲ್ಲಿ ಯಾರೂ ಕೇಳಲಿಲ್ಲ. ಮುಖ್ಯಸ್ಥರು ಹೇಳಲಿಲ್ಲ, ಸ್ಕೇಲಕ್ಕನೂ ಹೇಳಲಿಲ್ಲ. ಮುಚ್ಚಿದವರು ಯಾರೆಂಬುದು ಮಾತ್ರ ಎಲ್ಲರಿಗೂ ಗೊತ್ತಾಯಿತು.

ಮುಖ್ಯಸ್ಥರು ಕೆಟ್ಟವರಲ್ಲ. ಸೋದರಮಾವ ಕಟ್ಟಿದ ಕಚೇರಿಯನ್ನು ವಹಿಸಿಕೊಂಡು ನಡೆಸುತ್ತಿರುವವರು. ಸ್ಕೇಲಕ್ಕನಿಗಿಂತ ಆರೇಳು ವರ್ಷ ಚಿಕ್ಕವರು. ಅವಳನ್ನು ಒಳಗೆ ಕರೆದು ಕುಳ್ಳಿರಿಸಿ, ಮೆತ್ತಗೇ ಮಾತನಾಡಿದರು.

"ತಪ್ಪು ತಿಳ್ಕೋಬೇಡಿ ಅಕ್ಕಾ. ಕಾಗದದ ಕಾಲದಲ್ಲಿ ನಿಮ್ಮನ್ನ ಮೀರ್ಸೋರು ಇರ್ಲಿಲ್ಲ. ಈ ಕಂಪ್ಯೂಟರು ಯಾಕೋ ಭಾರ ಆಗ್ತಿದೆ ನಿಮಗೆ. ಮುಂದಿನ ತಿಂಗಳಿಂದ ಹಳೇ ನಕ್ಷೆಗಳ ಕೋಣೆ ನೋಡ್ಕೊಳ್ಳಿ. ಸಂಬಳ ಇಷ್ಟೇ ಇರುತ್ತೆ, ಅದರ ಯೋಚನೆ ಬೇಡ."

"ಮುಚ್ಚಿದ್ದು ನಾನೇ ಸಾರ್, ಇಲ್ಲ ಅನ್ನಲ್ಲ. ಆದ್ರೆ ಮುಚ್ಚಿದೆ ಅಂತ ಅದು ನೋಡಿದವರಿಗೆ ಹೇಳ್ಬೇಕಿತ್ತಲ್ವಾ?"

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಳಂತೆ."

"ಡೊಂಕೋ ಅಲ್ವೋ ಅಳೆದು ನೋಡ್ಬಹುದಲ್ಲ ಸಾರ್. ಅಳೆಯೋದೇ ತಾನೆ ನಮ್ಮ ಕಸುಬು?"

ಅವರಿಗೆ ನಗು ಬಂತು. ಆದರೆ ತೀರ್ಮಾನ ಬದಲಾಗಲಿಲ್ಲ. ತಿಂಗಳು ಮುಗಿಯಲು ಇಪ್ಪತ್ತಮೂರು ದಿನವಿತ್ತು.

ಆ ಭಾನುವಾರ ಸ್ಕೇಲಕ್ಕ ನಮ್ಮ ಮನೆಗೆ ಬಂದಳು. ಕೈಯಲ್ಲಿ ಆರು ಪುಟದ ಒಂದು ಪತ್ರ. ತಂತ್ರಾಂಶ ಮಾಡುವ ಕಂಪನಿಯವರಿಗೆ ಬರೆದದ್ದು. ಪ್ರಬಂಧವೆಂದರೆ ಹೆದರುತ್ತಿದ್ದ ಹುಡುಗಿ ಆರು ಪುಟ ಬರೆದಿದ್ದಳು! ಓದಿ ನೋಡಿದೆ. ಬೀಮು ಎಲ್ಲಿತ್ತು, ಕಣ್ಣಿನ ಗುರುತು ಎಷ್ಟು ಮಿಲಿಮೀಟರ್ ಅಗಲವಿದೆ, ಕುರ್ಚಿಯಿಂದ ಎಷ್ಟು ದೂರಕ್ಕೆ ಅದು ಕಾಣದಂತಾಗುತ್ತದೆ ಎಲ್ಲವನ್ನೂ ಅಳೆದು ಬರೆದಿದ್ದಳು. ತಿದ್ದುವಂಥದ್ದು ಏನೂ ಇರಲಿಲ್ಲ. ಅತ್ತೆ ಸ್ನಾನದ ಮನೆಯಲ್ಲಿ ಸಿಕ್ಕಿಕೊಂಡ ಪ್ರಸಂಗಕ್ಕೆ ಎರಡು ಪುಟ ಹೋಗಿತ್ತು, ಅದನ್ನು ತೆಗೆಸಿದೆ.

"ಸಂಬಳ ಅಷ್ಟೇ ಇರುತ್ತೆ ಅಂದ್ಮೇಲೆ ಆ ಕೋಣೆಯಲ್ಲಿ ಹಾಯಾಗಿ ಇರಬಹುದಲ್ಲಮ್ಮ?" ಎಂದು ಕೇಳಿದೆ.

"ಅದೇನು ಕೆಟ್ಟ ಕೆಲಸ ಅಲ್ಲ ಮೇಷ್ಟ್ರೇ. ಆದ್ರೆ ಆ ಕೋಣೇಲಿ ಇರೋದೆಲ್ಲ ಕಟ್ಟಿ ಮುಗಿದಿರೋ ಮನೆಗಳು. ನನಗೆ ಇನ್ನೂ ಕಟ್ಟದೆ ಇರೋದು ಬೇಕು. ಇನ್ನೂ ಎಂಟು ವರ್ಷ ಕೆಲಸ ಇದೆ ನಂಗೆ."

ಇಷ್ಟು ಹೇಳಿ ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. ನಾನು ಮತ್ತೆ ಆ ಮಾತು ಎತ್ತಲಿಲ್ಲ.

ಮನೆಯಲ್ಲಿ ಗಂಡ ತನ್ನದೇ ಪರಿಹಾರ ಹೇಳಿದನಂತೆ. "ಬಸ್ಸಲ್ಲಿ ಹಿಂದಕ್ಕೆ ಗೇರ್ ಹಾಕಿದ್ರೆ ಬೀಪ್ ಬೀಪ್ ಅನ್ನಲ್ವಾ? ಹಂಗೇ ಮಾಡ್ಸು." "ಎಂಟು ಜನ ಇದೀವಿ ರೀ. ಎಂಟು ಬಸ್ಸು ಒಟ್ಟಿಗೆ ಹಿಂದಕ್ಕೆ ಬಂದಂಗಿರುತ್ತೆ ಕಚೇರಿ" ಎಂದು ಇವಳ ಉತ್ತರ. ಅತ್ತೆ ಮಾತ್ರ, "ಎಲ್ಲಾ ನನ್ನಿಂದ ಆಯ್ತು ಅಂತ ಊರೆಲ್ಲ ಹೇಳ್ಕೊಂಡು ಬಾ ಹೋಗು" ಎಂದು ಮುನಿಸಿಕೊಂಡು, ರಾತ್ರಿ ಊಟಕ್ಕೆ ಸೊಸೆಗೆ ಇಷ್ಟವಾದ ಪಲ್ಯವನ್ನೇ ಮಾಡಿದರು.

ಕಂಪನಿಯಿಂದ ಐದೇ ದಿನಕ್ಕೆ ಉತ್ತರ ಬಂತು. ಅವರ ಕಚೇರಿ ಸೇತುವೆಯಾಚೆಗೆ ಅದೇ ಊರಿನಲ್ಲಿತ್ತು. ಈ ತಾತ್ಕಾಲಿಕ ನೋಟದ ಭಾಗವನ್ನು ನೋಡಿಕೊಳ್ಳುವ ಎಂಜಿನಿಯರ್ ಖುದ್ದು ಬಂದು ಒಂದು ದಿನ ಇವರ ಕೆಲಸ ನೋಡುತ್ತಾರೆಂದು ಬರೆದಿದ್ದರು. "ಬರ್ಲಿ ಬಿಡಿ, ಬಿಟ್ಟಿ ಪಾಠ ಆದ ಹಾಗಾಯ್ತು" ಎಂದರು ಮುಖ್ಯಸ್ಥರು.

ಬಂದವಳು ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಕತ್ತರಿಸಿದ ಕೂದಲು, ಹೆಗಲಿಗೆ ಒಂದು ಬಟ್ಟೆಯ ಚೀಲ. ಪಕ್ಕದಲ್ಲಿ ಕುಳಿತವಳೇ, ನಕ್ಷೆ ತೆರೆಯುವ ಮೊದಲೇ, ಪರದೆಯ ಕೆಳಮೂಲೆಗೆ ಬೆರಳಿಟ್ಟಳು.

"ಏನಾದ್ರೂ ಮುಚ್ಚಿದ್ರೆ ಇಲ್ಲಿ ಒಂದು ಕಣ್ಣಿನ ಗುರುತು ಬರುತ್ತೆ ಮೇಡಂ. ನಾನೇ ಮಾಡಿದ್ದು ಅದನ್ನ. ಆಗಾಗ ಈ ಕಡೆ ನೋಡೋದು ಅಭ್ಯಾಸ ಮಾಡ್ಕೊಂಡ್ರೆ ತೊಂದ್ರೆನೇ ಇಲ್ಲ."

"ನೋಡ್ತೀನಮ್ಮ," ಎಂದಳು ಸ್ಕೇಲಕ್ಕ. "ಮೊದಲು ನೀವೇ ಒಂದು ಗಳಿಗೆ ಈ ಕುರ್ಚಿಯಲ್ಲಿ ಕೂತು ನಮ್ಮ ಕೆಲಸ ಮಾಡಿ ನೋಡಿ. ಆಮೇಲೆ ಮಾತಾಡೋಣ. ಅಷ್ಟರಲ್ಲಿ ಕಾಫಿ ತರ್ತೀನಿ."

ಗ್ರಂಥಾಲಯದ ಕೆಳಮಹಡಿಯಲ್ಲಿ ಮಕ್ಕಳ ಕೋಣೆಯಿತ್ತು. ಅದರಲ್ಲಿ ಹದಿನಾಲ್ಕು ಪುಸ್ತಕದ ಕಪಾಟುಗಳನ್ನು ಜೋಡಿಸುವ ಕೆಲಸ ಕೊಟ್ಟಳು. ಹುಡುಗಿ ಹುರುಪಿನಿಂದ ತೊಡಗಿದಳು. ನಲವತ್ತು ನಿಮಿಷ ಹಿಡಿಯಿತು. ಗೋಡೆಯುದ್ದಕ್ಕೂ ಸಾಲಾಗಿ, ಓಡಾಡಲು ದಾರಿ ಬಿಟ್ಟು, ಕಿಟಕಿಗೆ ಅಡ್ಡವಾಗದಂತೆ ಜೋಡಿಸಿದಳು. ಮುಖ್ಯಸ್ಥರು ಹಿಂದೆ ಬಂದು ನಿಂತು ನೋಡಿ, "ನೋಡಿದ್ರಾ ಅಕ್ಕಾ? ಎಷ್ಟು ಚೊಕ್ಕವಾಗಿದೆ!" ಎಂದರು.

ಸ್ಕೇಲಕ್ಕ ನೋಡಿದಳು. ಚೊಕ್ಕವಾಗಿಯೇ ಇತ್ತು. ಆದರೆ ಕೋಣೆ ಯಾಕೋ ದೊಡ್ಡದಾಗಿ ಕಂಡಿತು. ಮರುಗಳಿಗೆಯಲ್ಲಿ ಅವಳಿಗೆ ಹೊಳೆಯಿತು. ಬೆಳಿಗ್ಗೆ ನೆಲದ ಹಾಸುಕಲ್ಲಿನ ಸಂದುಗಳನ್ನು ನೋಡಲು ಅವಳು ಆ ಕೋಣೆಯಿಂದ ಮೇಲೆ ಹೋಗುವ ಮೆಟ್ಟಿಲನ್ನು ಮುಚ್ಚಿದ್ದಳು. ಅತಿಥಿ ಬಂದ ಗಡಿಬಿಡಿಯಲ್ಲಿ ತೆಗೆಯುವುದನ್ನು ಮರೆತಿದ್ದಳು.

ಸುಮ್ಮನಿದ್ದಿದ್ದರೆ ಆ ಹೊತ್ತಿಗೆ ಯಾರಿಗೂ ತಿಳಿಯುತ್ತಿರಲಿಲ್ಲ. ಮುಖ್ಯಸ್ಥರು ಹಿಂದೆಯೇ ನಿಂತಿದ್ದರು. ತಿಂಗಳು ಮುಗಿಯಲು ಹನ್ನೆರಡು ದಿನ ಉಳಿದಿತ್ತು. ಇದೆಲ್ಲ ಅವಳಿಗೆ ಗೊತ್ತಿತ್ತು. ಆದರೂ ಬಗ್ಗಿ ಗುಂಡಿ ಒತ್ತಿದಳು.

ಮೆಟ್ಟಿಲು ಬಂತು. ಮೂರು ಕಪಾಟುಗಳು ಅದರ ಮೇಲೆ ಮೆಟ್ಟಿಲಿಗೊಂದರಂತೆ ನಿಂತಿದ್ದವು. ನಾಲ್ಕನೆಯದು ಮೆಟ್ಟಿಲ ಪಕ್ಕದ ಕಟಕಟೆಯೊಳಗೆ ಅರ್ಧ ಹೂತುಹೋಗಿತ್ತು.

"ಮಕ್ಕಳಿಗೆ ಒಳ್ಳೇದಾಯ್ತು, ಕಪಾಟು ಹತ್ತಿಕೊಂಡೇ ಮೇಲಕ್ಕೆ ಹೋಗ್ಬಹುದು" ಎಂದರು ಮೂಲೆಯ ಮೇಜಿನವರೊಬ್ಬರು. ಯಾರೂ ನಗಲಿಲ್ಲ.

"ಬೆಳಿಗ್ಗೆ ನಾನೇ ಮುಚ್ಚಿದ್ದು. ತೆಗೆಯೋದು ಮರೆತೆ" ಎಂದಳು ಸ್ಕೇಲಕ್ಕ.

"ಮತ್ತೆ ಅದೇ!" ಎಂದು ಮುಖ್ಯಸ್ಥರು ಹಣೆ ತಟ್ಟಿಕೊಂಡರು. "ನಾನು ಹೇಳಿದ್ದು ಇದಕ್ಕೇ ಅಲ್ವಾ ಅಕ್ಕಾ? ಹೇಳಿ, ಇದಕ್ಕೇ ಅಲ್ವಾ?"

ಆದರೆ ಬಂದಿದ್ದ ಹುಡುಗಿ ಇವರ ಮಾತನ್ನು ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ಅವಳ ದೃಷ್ಟಿ ಪರದೆಯ ಕೆಳಮೂಲೆಯಲ್ಲಿ, ಈಗಷ್ಟೇ ಆ ಗುರುತು ಮಾಯವಾದ ಜಾಗದಲ್ಲಿ ನೆಟ್ಟಿತ್ತು.

"ಒಂದ್ನಿಮಿಷ ಸಾರ್," ಎಂದಳು. "ಆ ಗುರುತು ಮಾಡಿದೋಳು ನಾನು. ಅದು ಎಲ್ಲಿರುತ್ತೆ ಅಂತ ಇವರಿಗೆ ಪಾಠ ಹೇಳಿದೋಳೂ ನಾನೇ. ಹೇಳಿ ಐದು ನಿಮಿಷಕ್ಕೆ ಇಲ್ಲಿ ಕೂತೆ. ನಲವತ್ತು ನಿಮಿಷ ಅದು ನನ್ನ ಮೂಗಿನ ಮುಂದೆ ಇತ್ತು. ನಂಗೇ ಕಾಣ್ಲಿಲ್ಲ. ನೀವೂ ನಿಂತು ನೋಡಿದ್ರಿ, ನಿಮಗೆ ಕಾಣಿಸ್ತಾ?"

"ನಾನು... ಕಪಾಟು ನೋಡ್ತಿದ್ದೆ."

"ನಾನೂ ಅಷ್ಟೇ ಸಾರ್. ಕೆಲಸ ಮಾಡೋರು ಕೆಲಸ ನೋಡ್ತಾರೆ, ಮೂಲೆ ಯಾರು ನೋಡ್ತಾರೆ? ಇದು ಅಕ್ಕನ ಮರೆವು ಅಲ್ಲ. ನನ್ನ ಕೆಲಸ ಅರ್ಧಂಬರ್ಧ ಆಗಿದೆ."

ಮೇಡಂ ಹೋಗಿ ಅಕ್ಕ ಆದದ್ದನ್ನು ಸ್ಕೇಲಕ್ಕ ಗಮನಿಸಿದಳು. ಹುಡುಗಿ ಕುರ್ಚಿಯನ್ನು ಇವಳ ಕಡೆ ತಿರುಗಿಸಿ ಕೇಳಿದಳು: "ಕಾಗದದ ಕಾಲದಲ್ಲಿ ಏನ್ ಮಾಡ್ತಿದ್ರಿ ಅಕ್ಕಾ? ಆಗಲೂ ಏನಾದ್ರೂ ಮುಚ್ಚಬೇಕಾಗ್ತಿತ್ತಾ?"

"ಆಗ್ದೆ ಏನು? ನಕ್ಷೆ ಮೇಲೆ ಬಿಳೀ ಕಾಗದದ ತುಂಡು ಇಟ್ಟು ಕ್ಲಿಪ್ ಹಾಕ್ತಿದ್ವಿ. ಆದ್ರೆ ದೊಡ್ಡ ಯಜಮಾನ್ರದು, ಈ ಸಾರ್ ಅವರ ಮಾವನದು, ಒಂದು ಕಟ್ಟಳೆ ಇತ್ತು. ಮುಚ್ಚಿದ ಕಾಗದಕ್ಕೆ ಒಂದು ಬಾಲ ಇರ್ಬೇಕು."

"ಬಾಲಾನಾ?"

"ಹೂಂ ಮತ್ತೆ. ಒಂದು ಗೇಣು ಕೆಂಪು ಪಟ್ಟಿ. ಮೇಜಿನ ಅಂಚಿಂದ ಕೆಳಗೆ ಇಳಿಬಿದ್ದಿರ್ಬೇಕು, ಮುಚ್ಚಿದವರ ಹೆಸರು ಅದರ ಮೇಲೆ ಇರ್ಬೇಕು. ಬಾಗಿಲಲ್ಲಿ ನಿಂತ್ರೂ ಕಾಣ್ತಿತ್ತು. ಕುರ್ಚಿ ಬಿಟ್ಟು ಏಳೋಕೆ ಮುಂಚೆ ಕಿತ್ತು ಹಾಕ್ಬೇಕು. ಮರೆತು ಹಾಗೇ ಪ್ರಿಂಟಿಗೆ ತಗೊಂಡು ಹೋದ್ರೆ ಪ್ರಿಂಟ್ ಕೋಣೆಯವರು ಬಾಗಿಲಲ್ಲೇ ತಡೀತಿದ್ರು. 'ಬಾಲ ಇರೋ ಪ್ರಾಣಿಗೆ ಒಳಗೆ ಪ್ರವೇಶ ಇಲ್ಲ' ಅಂತ."

ಈ ಸಲ ಕಚೇರಿಯೆಲ್ಲ ನಕ್ಕಿತು. ಮುಖ್ಯಸ್ಥರೂ ನಕ್ಕರು. "ನಾನು ಹೊಸದಾಗಿ ಸೇರಿದಾಗ ಒಂದಿನ ಮಧ್ಯಾಹ್ನ ಮೇಜಿನ ಮೇಲೆ ತಲೆ ಇಟ್ಟು ನಿದ್ದೆ ಹೋಗಿದ್ದೆ. ಮಾವ ನನ್ನ ಅಂಗಿಗೇ ಬಾಲ ಅಂಟಿಸಿದ್ರು. ಸಂಜೆ ಮನೆ ತನಕ ಹಾಗೇ ಹೋಗಿದ್ದೆ" ಎಂದರು.

ಹುಡುಗಿ ಚೀಲದಿಂದ ಪುಸ್ತಕ ತೆಗೆದು ಎಲ್ಲವನ್ನೂ ಬರೆದುಕೊಂಡಳು. ಸ್ಕೇಲಕ್ಕ ತಂದಿದ್ದ ಕಾಫಿ ಆರಿ ತಣ್ಣಗಾಗಿತ್ತು. ಅದನ್ನೇ ಕುಡಿದು ಹೋದಳು.

ನಾಲ್ಕು ದಿನಕ್ಕೆ ಹುಡುಗಿ ತಿದ್ದಿದ ತಂತ್ರಾಂಶದ ಮೊದಲ ಪ್ರಯೋಗ ಬಂತು. ಅದರಲ್ಲಿ ಏನನ್ನಾದರೂ ಮುಚ್ಚಿ ಒಂದು ಗೆರೆ ಎಳೆದರೆ, 'ಕೆಲವು ವಸ್ತುಗಳನ್ನು ಮುಚ್ಚಲಾಗಿದೆ. ಮುಂದುವರಿಯಬೇಕೆ?' ಎಂದು ಪರದೆಯ ನಡುವೆ ಪ್ರಶ್ನೆ ಬರುತ್ತಿತ್ತು. ಹತ್ತು ಗೆರೆಗೆ ಹತ್ತು ಪ್ರಶ್ನೆ. ಸ್ಕೇಲಕ್ಕ ಫೋನು ಮಾಡಿದಳು.

"ಅಮ್ಮಾ ತಾಯಿ, ನಮ್ಮನೇಲಿ ಒಬ್ರು ಅತ್ತೆ ಇದಾರೆ. ಅವರೂ ದಿನಕ್ಕೆ ಇಷ್ಟು ಸಲ ಕೇಳಲ್ಲ. ನಾಲ್ಕನೇ ಸಲಕ್ಕೆ ಜನ ಓದದೇನೇ ಹೂಂ ಅಂತಾರೆ."

ಇದನ್ನು ಮನೆಯಲ್ಲಿ ಹೇಳಿ ನಗುತ್ತಿದ್ದರೆ ಅತ್ತೆ ಬಿಡಲಿಲ್ಲ. "ನಾನು ಕೇಳದೆ ಇದ್ರೆ ನೀನು ಒಲೆ ಆರಿಸ್ತೀಯೇನೇ?" ಎಂದರು.

ಎರಡನೆಯ ಪ್ರಯೋಗ ತಿಂಗಳ ಕೊನೆಗೆ ಮೂರು ದಿನವಿರುವಾಗ ಬಂತು. ಈಗ ಏನನ್ನಾದರೂ ಮುಚ್ಚಿದರೆ ನಕ್ಷೆಯ ಸುತ್ತಲೂ ಬೆರಳು ದಪ್ಪದ ಕಿತ್ತಳೆ ಬಣ್ಣದ ಅಂಚು ಮೂಡುತ್ತಿತ್ತು. ಯಾರು ಏನನ್ನು ಮುಚ್ಚಿದ್ದಾರೆ ಎಂಬುದು ಆ ಅಂಚಿನ ಮೇಲೆಯೇ ಬರೆದಿರುತ್ತಿತ್ತು. ಮುಚ್ಚಿದವರ ಪರದೆಯಲ್ಲಿ ಮಾತ್ರ ಮುಚ್ಚಿರುವುದು. ಬೇರೆಯವರು ತೆರೆದರೆ ಇಡೀ ಕಟ್ಟಡವೇ ಕಾಣುವುದು. ನಕ್ಷೆಯನ್ನು ಬಿಟ್ಟು ಹೊರಬಂದರೆ ಮುಚ್ಚಿದ್ದು ತಾನಾಗಿಯೇ ತೆರೆದುಕೊಳ್ಳುವುದು. ಮುಚ್ಚಿದ ನೋಟವೇ ನಾಳೆಗೂ ಬೇಕೆನ್ನುವವರು ಅದಕ್ಕೊಂದು ಹೆಸರಿಟ್ಟು ಬೇರೆಯಾಗಿ ಇಟ್ಟುಕೊಳ್ಳಬೇಕು. ಮುಚ್ಚಿರುವಾಗ ಪ್ರಿಂಟ್ ಕೊಟ್ಟರೆ ಯಂತ್ರ ಸುತರಾಂ ಒಪ್ಪುತ್ತಿರಲಿಲ್ಲ.

ಮುಖ್ಯಸ್ಥರು ಒಂದು ಇಡೀ ಮಧ್ಯಾಹ್ನ ಕುಳಿತು ಅದನ್ನು ಮೋಸಗೊಳಿಸಲು ನೋಡಿದರು. ಗೋಡೆ ಮುಚ್ಚಿ ಎದ್ದುಹೋದರು, ಬಾಗಿಲು ಮುಚ್ಚಿ ಬೇರೆ ಕಂಪ್ಯೂಟರಿನಲ್ಲಿ ತೆರೆದರು, ಛಾವಣಿಯನ್ನೇ ಮುಚ್ಚಿ ಪ್ರಿಂಟ್ ಕೊಟ್ಟರು. ಮರೆಯಬೇಕೆಂದರೂ ಮರೆಯಲು ಅದು ಬಿಡಲಿಲ್ಲ.

ತಿಂಗಳ ಕೊನೆಯ ದಿನ ಸ್ಕೇಲಕ್ಕ ತನ್ನ ಖಾನೆಯಲ್ಲಿದ್ದ ಸಾಮಾನುಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ಹಳೇ ನಕ್ಷೆಗಳ ಕೋಣೆಗೆ ಹೋಗುವುದು ಬೇಡವೆಂದು ಯಾರೂ ಹೇಳಿರಲಿಲ್ಲವಲ್ಲ! ಮುಖ್ಯಸ್ಥರು ಬಂದು ಎದುರಿನ ಸ್ಟೂಲಿನ ಮೇಲೆ ಕುಳಿತರು. ಅವರು ಯಾವತ್ತೂ ಹಾಗೆ ಬಂದು ಕುಳಿತವರಲ್ಲ.

"ಆ ಕೊಳವೆ ಎಳೆದೋನು ನಾನು," ಎಂದರು ತಗ್ಗಿದ ದನಿಯಲ್ಲಿ. "ನಿಮಗೆ ಅವತ್ತೇ ಗೊತ್ತಿತ್ತು. ಯಾರಿಗೂ ಹೇಳ್ಲಿಲ್ಲ."

"ನಿಮಗೇ ಗೊತ್ತಿತ್ತಲ್ಲ ಸಾರ್. ಇನ್ಯಾರಿಗೆ ಹೇಳೋದು?"

ಅವರು ಕಂಕುಳಲ್ಲಿದ್ದ ದಪ್ಪ ಕಡತವನ್ನು ಅವಳ ಮೇಜಿನ ಮೇಲಿಟ್ಟರು. "ಹೆರಿಗೆ ಆಸ್ಪತ್ರೆ. ಮೂರು ಮಹಡಿ. ಮೊದಲನೇ ಗೆರೆಯಿಂದ ಕೊನೇ ಗೆರೆ ತನಕ ನೀವೇ ಮಾಡ್ಬೇಕು. ಹಳೇ ನಕ್ಷೆಗಳಿಗೆ ಬೇರೆ ಯಾರನ್ನಾದ್ರೂ ನೋಡ್ತೀನಿ."

"ಯಾವಾಗಿಂದ ಸಾರ್?"

"ಆ ಚೀಲ ಖಾಲಿ ಮಾಡಿದ ತಕ್ಷಣದಿಂದ."

ಅಂದು ಸಂಜೆ ಅವಳು ನಮ್ಮ ಮನೆಗೆ ಬಂದು ಇದನ್ನೆಲ್ಲ ಹೇಳಿದಳು. ಸಂತೋಷವನ್ನು ತೋರಿಸಿಕೊಳ್ಳುವ ಸ್ವಭಾವ ಅವಳದಲ್ಲ. ಆದರೆ ಕುರ್ಚಿಯ ತುದಿಯಲ್ಲಿ ಕುಳಿತಿದ್ದಳು, ತಟ್ಟೆಯಲ್ಲಿಟ್ಟ ಬಿಸ್ಕತ್ತನ್ನು ಮುಟ್ಟಿರಲಿಲ್ಲ. ನಾನು ಅಭಿನಂದನೆಯ ಮಾತನ್ನು ಆಡುವಷ್ಟರಲ್ಲಿ ಅವಳು ಬೇರೆಲ್ಲೋ ಇದ್ದಳು.

"ಅವರು ಕೊಟ್ಟ ಆಸ್ಪತ್ರೆ ಕಚ್ಚಾ ನಕ್ಷೇಲಿ ಎರಡನೇ ಮಹಡಿ ಕಾರಿಡಾರ್ ಇದೆಯಲ್ಲ ಮೇಷ್ಟ್ರೇ, ಅಲ್ಲಿ ಬಾಣಂತಿಯರ ಮಂಚ ತಿರುಗೋಕೆ ಜಾಗ ಸಾಲಲ್ಲ. ಮೂಲೇಲಿ ಸಿಕ್ಕಿಕೊಳ್ಳುತ್ತೆ. ಗೋಡೆಯನ್ನ ಎಂಟು ಅಂಗುಲ ಹಿಂದಕ್ಕೆ ಹಾಕ್ಬೇಕು. ಯಾರೂ ನೋಡೇ ಇಲ್ಲ ಅದನ್ನ."

"ನಾಳೆ ನೋಡಿದ್ರಾಯ್ತಮ್ಮ. ಮೊದಲು ಕಾಫಿ ಕುಡಿ."

"ಕುಡೀತೀನಿ" ಎಂದವಳು ತುರುಬಿನಿಂದ ಸ್ಕೇಲು ತೆಗೆದು, ಎದ್ದು ಹೋಗಿ, ನಮ್ಮ ಮನೆಯ ಬಾಗಿಲಿನ ಅಗಲವನ್ನು ಅಳೆಯತೊಡಗಿದಳು.